ಕಾಣದ ಮೂಲಪ್ರತಿ: ವಿಕಾಸವಾದ ಮತ್ತು ಸಾಕ್ಷ್ಯದ ಪ್ರಶ್ನೆ

ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಸಾಂಗ್ಲಿ, ಕೊಲ್ಲಾಪುರಗಳತ್ತ ಹೊರಟ ಪ್ರಯಾಣಿಕರ ನಡುವೆ ಮರಾಠಿಯೊಂದಿಗೆ ಕನ್ನಡವೂ ಕಿವಿಗೆ ಬೀಳುತ್ತದೆ. ಒಬ್ಬರ ‘ತುಪ್ಪ’ ಇನ್ನೊಬ್ಬರಿಗೆ ‘ತೂಪ’. ಈ ಎರಡು ರೂಪಗಳು ಬೇರೆಯಾದುದನ್ನು ಕಣ್ಣಾರೆ ಕಂಡವರಿಲ್ಲ. ಆದರೂ ಅವು ಬಂಧುಗಳೆಂದು ಭಾಷಾವಿಜ್ಞಾನಿ ಧೈರ್ಯವಾಗಿ ಹೇಳುತ್ತಾನೆ. ಕಾಣದುದನ್ನು ಕುರಿತು ಹೀಗೆ ಹೇಳುವ ಅಧಿಕಾರ ಎಲ್ಲಿಂದ ಬಂತು? ವಿಕಾಸವಾದ ಮತ್ತು ಸೃಷ್ಟಿವಾದಗಳ ವಿವಾದದ ತಿರುಳೂ ಇದೇ.

2018ರ ಜನವರಿಯಲ್ಲಿ, ಆಗ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು, ಮಂಗ ಮನುಷ್ಯನಾದುದನ್ನು ನಮ್ಮ ಪೂರ್ವಿಕರಾರೂ ಕಂಡು ಹೇಳಿಲ್ಲ, ಆದ್ದರಿಂದ ಡಾರ್ವಿನ್ನನ ಸಿದ್ಧಾಂತ ತಪ್ಪು ಎಂಬ ಅರ್ಥದಲ್ಲಿ ಮಾತನಾಡಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಇದನ್ನು ಅಲ್ಲಗಳೆದು ಜಂಟಿ ಹೇಳಿಕೆ ನೀಡಿದವು. ಮುಂದೆ ಪಠ್ಯಭಾರ ಇಳಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿಯು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಮತ್ತಿತರರು ಇದನ್ನು ವಿರೋಧಿಸಿ ಸಹಿ ಹಾಕಿದರು.

‘ಕಂಡುದು ಮಾತ್ರ ಸತ್ಯ’ ಎಂಬ ಒರೆಗಲ್ಲನ್ನು ಒಪ್ಪಿದರೆ ಮೊದಲು ಕುಸಿಯುವುದು ನಮ್ಮದೇ ಶಾಸ್ತ್ರ. ಇದೇ ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿದ ಮಹಾಭಾರತದ ಪರಿಷ್ಕರಣವನ್ನು ನೋಡಬಹುದು. ಸುಖಠಣಕರರೂ ಅವರ ಅನಂತರದ ಸಂಪಾದಕರೂ ಮೂಲಪ್ರತಿಯನ್ನು ಕಂಡವರಲ್ಲ. ಉಳಿದುಬಂದ ಪ್ರತಿಗಳ ಸಮಾನ ಪಾಠಗಳನ್ನೂ ಸಮಾನ ಸ್ಖಾಲಿತ್ಯಗಳನ್ನೂ ಹೋಲಿಸಿ ಅವುಗಳ ವಂಶವೃಕ್ಷವನ್ನು ಊಹಿಸಿದರು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗೆ ಈ ಮಾರ್ಗ ಅಪರಿಚಿತವಲ್ಲ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ, ಅವೆರಡಕ್ಕೂ ಸಮಾನ ಮಾತೃಕೆ ಇದ್ದಿರಬೇಕೆಂದು ನಾವು ತರ್ಕಿಸುತ್ತೇವೆ.

ಜೀವವಿಜ್ಞಾನಿಯ ತರ್ಕವೂ ಇಂಥದೇ. ಹೆಚ್ಚಿನ ಸಸ್ತನಿಗಳ ದೇಹ ‘ಸಿ’ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಒಂದು ವಂಶವಾಹಿ ಮನುಷ್ಯನಲ್ಲಿಯೂ ಚಿಂಪಾಂಜಿಯಲ್ಲಿಯೂ ಕೆಟ್ಟು, ಅದರ ಅವಶೇಷ ಮಾತ್ರ ಉಳಿದಿದೆ. ಇದು ಪ್ರಕೃತಿಯ ಲಿಪಿಕಾರ ಬಿಟ್ಟುಹೋದ ಸಮಾನ ಸ್ಖಾಲಿತ್ಯ. ಇಂದಿನ ಮಂಗ ಮನುಷ್ಯನಾಯಿತೆಂದು ವಿಕಾಸವಾದ ಹೇಳುವುದಿಲ್ಲ. ಎರಡಕ್ಕೂ ಸಮಾನ ಪೂರ್ವಜವೊಂದಿತ್ತೆಂದು ಹೇಳುತ್ತದೆ. ನಮ್ಮ ಕೈಯಲ್ಲಿರುವ ಎರಡು ಓಲೆಪ್ರತಿಗಳು ಸೋದರ ಪ್ರತಿಗಳಾಗಿರಬಹುದು. ಒಂದು ಇನ್ನೊಂದರ ತಾಯಿಯೇ ಆಗಬೇಕಿಲ್ಲ.

ಈ ಹೋಲಿಕೆಗೂ ಮಿತಿಯಿದೆ. ಓಲೆಗರಿಗಳಲ್ಲಿ ನೈಸರ್ಗಿಕ ಆಯ್ಕೆ ನಡೆಯುವುದಿಲ್ಲ. ಸಾಮ್ಯವಿರುವುದು ಸಾಕ್ಷ್ಯದ ರೀತಿಯಲ್ಲಿ ಮಾತ್ರ. ವಿಕಾಸವಾದವನ್ನು ಪ್ರಶ್ನಿಸಬಾರದೆಂದೂ ಅಲ್ಲ. ನೈಸರ್ಗಿಕ ಆಯ್ಕೆ ಪರೀಕ್ಷಾರ್ಹವೇ ಎಂದು ಕಾರ್ಲ್ ಪಾಪ್ಪರ್ ಅವರೇ ಸಂಶಯಪಟ್ಟಿದ್ದರು. 1978ರಲ್ಲಿ ಪ್ರಕಟವಾದ ಲೇಖನದಲ್ಲಿ ಆ ಅಭಿಪ್ರಾಯವನ್ನು ಹಿಂದೆಗೆದುಕೊಂಡರು. ಕ್ಯಾಂಬ್ರಿಯನ್‌ಪೂರ್ವ ಶಿಲೆಯಲ್ಲಿ ಮೊಲದ ಪಳೆಯುಳಿಕೆ ದೊರೆತರೆ ವಿಕಾಸವಾದ ಗಂಭೀರ ಸಂಕಟಕ್ಕೆ ಸಿಲುಕುತ್ತದೆ. ಯಾವ ಸಾಕ್ಷ್ಯ ದೊರೆತರೆ ಸೃಷ್ಟಿವಾದವನ್ನು ಕೈಬಿಡಬೇಕೆಂದು ಅದರ ಪ್ರತಿಪಾದಕರು ಹೇಳುವುದಿಲ್ಲ. ದೇವರಲ್ಲಿ ನಂಬಿಕೆ ಇಡುವುದು ಬೇರೆ, ಆ ನಂಬಿಕೆಯನ್ನು ವಿಜ್ಞಾನದ ಪಾಠವೆಂದು ಬೋಧಿಸುವುದು ಬೇರೆ.

ಹತ್ತನೆಯ ತರಗತಿಯ ಅನಂತರ ಜೀವಶಾಸ್ತ್ರವನ್ನು ಬಿಡುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ನಮ್ಮ ವಿಭಾಗಗಳಿಗೇ ಬರುತ್ತಾರೆ. ಕುರುಹುಗಳಿಂದ ಕಾಣದ ಗತಕಾಲವನ್ನು ತರ್ಕಿಸುವ ಶಿಸ್ತಿನ ಪರಿಚಯವೇ ಇಲ್ಲದ ಅವರಿಗೆ ‘ಪಾಲು’ ‘ಹಾಲು’ ಆದ ಬಗೆಯನ್ನು ನಾವು ಹೇಗೆ ಮನಗಾಣಿಸುವುದು? ಆದ್ದರಿಂದ ಇದು ವಿಜ್ಞಾನ ವಿಭಾಗದವರ ಜಗಳವೆಂದು ಕನ್ನಡ ವಿಭಾಗಗಳು ದೂರ ನಿಲ್ಲುವಂತಿಲ್ಲ.