ವೇಗವೊಂದೇ ಸಾಲದು: ರೀಸ್-ಜಾಮಿಟ್ ಅಮೆರಿಕ ಯಾನದ ಪಾಠ

2024ರ ಜನವರಿ 16. ಸಿಕ್ಸ್ ನೇಷನ್ಸ್ ಟೂರ್ನಿಗೆ ವೇಲ್ಸ್ ರಗ್ಬಿ ತಂಡವನ್ನು ಪ್ರಕಟಿಸಲು ತರಬೇತುದಾರ ವಾರೆನ್ ಗ್ಯಾಟ್‌ಲ್ಯಾಂಡ್ ಸಜ್ಜಾಗಿದ್ದರು. ಅದಕ್ಕೆ ಸ್ವಲ್ಪವೇ ಮುನ್ನ, ತಂಡದ ಅತ್ಯಂತ ವೇಗದ ಆಟಗಾರ ಲೂಯಿಸ್ ರೀಸ್-ಜಾಮಿಟ್ ರಗ್ಬಿಯನ್ನೇ ತೊರೆಯುತ್ತಿರುವುದಾಗಿ ಘೋಷಿಸಿದರು. ಅವರ ಗುರಿ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್). ಆಗ ಅವರಿಗೆ ಕೇವಲ 22 ವರ್ಷ.

ಮೈದಾನದ ಅಂಚಿನಲ್ಲಿ ನಿಂತು, ಚೆಂಡು ಕೈಗೆ ಬಂದೊಡನೆ ಎದುರಾಳಿಗಳನ್ನು ಹಿಂದಿಕ್ಕಿ ಓಡುವುದು ವಿಂಗರ್‌ನ ಕೆಲಸ. ಈ ಕೆಲಸದಲ್ಲಿ ರೀಸ್-ಜಾಮಿಟ್ ನಿಪುಣರು. 20ನೇ ವಯಸ್ಸಿನಲ್ಲೇ ಬ್ರಿಟಿಷ್ ಆ್ಯಂಡ್ ಐರಿಷ್ ಲಯನ್ಸ್ ತಂಡದೊಂದಿಗೆ 2021ರಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸ ಮಾಡಿದ್ದರು. 2023ರ ವಿಶ್ವಕಪ್‌ನಲ್ಲಿ ಐದು ಟ್ರೈ ಗಳಿಸಿದ್ದರು. ಅವುಗಳಲ್ಲಿ ಮೂರು ಜಾರ್ಜಿಯಾ ವಿರುದ್ಧದ ಒಂದೇ ಪಂದ್ಯದಲ್ಲಿ ಬಂದವು.

ಅಮೆರಿಕವೂ ಅವರನ್ನು ಆಸಕ್ತಿಯಿಂದಲೇ ಬರಮಾಡಿಕೊಂಡಿತು. ಪರೀಕ್ಷಾ ಓಟದಲ್ಲಿ 40 ಗಜ ದೂರವನ್ನು 4.43 ಸೆಕೆಂಡ್‌ಗಳಲ್ಲಿ ಕ್ರಮಿಸಿದ ಅವರನ್ನು 2024ರ ಮಾರ್ಚ್‌ನಲ್ಲಿ ಅಂದಿನ ಚಾಂಪಿಯನ್ ಕಾನ್ಸಾಸ್ ಸಿಟಿ ಚೀಫ್ಸ್ ಸೇರಿಸಿಕೊಂಡಿತು. ಆರಂಭಿಕ ಒದೆತದ ನಿಯಮವನ್ನು ಅದೇ ತಿಂಗಳು ಎನ್‌ಎಫ್‌ಎಲ್ ಬದಲಿಸಿದ್ದರಿಂದ, ಚೆಂಡು ಹಿಡಿದು ಓಡುವವರಿಗೆ ಬೇಡಿಕೆ ಹೆಚ್ಚಲಿದೆ ಎಂಬ ನಿರೀಕ್ಷೆಯೂ ಇತ್ತು. ಆದರೆ ಆಗಸ್ಟ್ ಅಂತ್ಯದಲ್ಲಿ 53 ಮಂದಿಯ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಜಾಕ್ಸನ್‌ವಿಲ್ ಜಾಗ್ವಾರ್ಸ್‌ನ ಅಭ್ಯಾಸ ತಂಡದಲ್ಲಿ ಸ್ಥಾನ ದೊರೆಯಿತು. ಲೀಗ್‌ನ ಒಂದೇ ಒಂದು ಅಧಿಕೃತ ಪಂದ್ಯವನ್ನೂ ಆಡದೆ 2025ರ ಬೇಸಿಗೆಯಲ್ಲಿ ಅವರು ರಗ್ಬಿಗೆ ಮರಳಿ, ಇಂಗ್ಲೆಂಡ್‌ನ ಬ್ರಿಸ್ಟಲ್ ಬೇರ್ಸ್ ಸೇರಿದರು.

ಎಡವಿದ್ದೆಲ್ಲಿ?

ವೇಗದ ಕೊರತೆಯಂತೂ ಕಾರಣವಲ್ಲ. ಎರಡೂ ಆಟಗಳಲ್ಲಿ ಮೊಟ್ಟೆಯಾಕಾರದ ಚೆಂಡೇ ಇದ್ದರೂ ಅವುಗಳ ತರ್ಕ ಬೇರೆ ಬೇರೆ. ರಗ್ಬಿಯಲ್ಲಿ ಚೆಂಡಿಲ್ಲದ ಆಟಗಾರನನ್ನು ಅಡ್ಡಗಟ್ಟುವುದು ತಪ್ಪು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅದೇ ಕರ್ತವ್ಯ. ಚೆಂಡು ಹೊತ್ತು ಓಡುವ 'ರನ್ನಿಂಗ್ ಬ್ಯಾಕ್' ಕೂಡ, ತನಗೆ ಚೆಂಡು ಬಾರದ ಸಂದರ್ಭದಲ್ಲಿ ಕ್ವಾರ್ಟರ್‌ಬ್ಯಾಕ್‌ನ ಮೇಲೆರಗುವವರನ್ನು ತಡೆಯಬೇಕು. ಇಲ್ಲಿ ಕೆಲವೇ ಸೆಕೆಂಡ್‌ಗಳ ಪ್ರತಿ ನಡೆಯೂ ಮೊದಲೇ ರೂಪಿಸಿದ್ದು. ಅಂತಹ ನೂರಾರು ನಡೆಗಳು ನೆನಪಿನಲ್ಲಿರಬೇಕು. ಬಾಲ್ಯದಿಂದ ಮೈಗೂಡಿದ ಅಭ್ಯಾಸವನ್ನು ಕೆಲವೇ ತಿಂಗಳಲ್ಲಿ ಅಳಿಸಿ ಮತ್ತೊಂದನ್ನು ಬರೆದುಕೊಳ್ಳುವುದು ಸುಲಭಸಾಧ್ಯವಲ್ಲ.

ಈ ಹಾದಿಯಲ್ಲಿ ಅವರಿಗಿಂತ ಮೊದಲೇ ಸಾಗಿದ್ದವರು ಇಂಗ್ಲೆಂಡ್‌ನ ವಿಂಗರ್ ಕ್ರಿಶ್ಚಿಯನ್ ವೇಡ್. 2019ರ ಅಭ್ಯಾಸ ಪಂದ್ಯದಲ್ಲಿ ಬಫಲೋ ಬಿಲ್ಸ್ ಪರ ಮೊದಲ ಬಾರಿ ಚೆಂಡು ಕೈಗೆ ಬಂದಾಗಲೇ 65 ಗಜ ಓಡಿ ಅಂಕ ಗಳಿಸಿದ್ದ ವೇಡ್ ಅವರಿಗೂ ಅಧಿಕೃತ ಪಂದ್ಯ ದಕ್ಕಲಿಲ್ಲ.

ಹಾಗೆಂದು ಈ ಹಾದಿಯೇ ನಿಷ್ಫಲವೆನ್ನಲಾಗದು. ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ ಜೋರ್ಡನ್ ಮೈಲಾಟಾ ಅವರನ್ನು 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಆಯ್ಕೆ ಮಾಡಿದಾಗ ಅವರು ಅಮೆರಿಕನ್ ಫುಟ್‌ಬಾಲ್ ಆಡಿದವರೇ ಅಲ್ಲ. ಮೊದಲೆರಡು ಋತುಗಳಲ್ಲಿ ಒಂದೂ ಪಂದ್ಯ ಆಡಲಿಲ್ಲ. 2020ರಲ್ಲಿ ಅವಕಾಶ ಒದಗಿತು, 2021ರಲ್ಲಿ 6.4 ಕೋಟಿ ಡಾಲರ್‌ಗಳ ಒಪ್ಪಂದ. 2025ರ ಫೆಬ್ರುವರಿಯಲ್ಲಿ ಚೀಫ್ಸ್ ತಂಡವನ್ನೇ ಮಣಿಸಿ ಸೂಪರ್ ಬೌಲ್ ಪ್ರಶಸ್ತಿ. ಆರು ಅಡಿ ಎಂಟು ಇಂಚು ಎತ್ತರದ ಆ ದೇಹ ಅಪರೂಪದ್ದಾದ್ದರಿಂದ ತಂಡ ಕಾಯಲು ಸಿದ್ಧವಿತ್ತು. ವೇಗದ ಓಟಗಾರರ ವಿಷಯ ಹಾಗಲ್ಲ. ಅಮೆರಿಕದ ಕಾಲೇಜುಗಳಿಂದ ಪ್ರತಿವರ್ಷವೂ ಅಂಥವರು ಬರುತ್ತಾರೆ; ಆಟವನ್ನು ಕಲಿತೇ ಬರುತ್ತಾರೆ.

2024ರಿಂದ ಪ್ರತಿ ತಂಡವೂ ಅಭ್ಯಾಸ ಬಳಗದಲ್ಲಿ ಒಬ್ಬ ವಿದೇಶಿ ಆಟಗಾರನನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಬಹುದು. ಇದು ಬಾಗಿಲು ತೆರೆದ ಕ್ರಮವೇನೋ ಸರಿ. ಆದರೆ ಬೇರೊಬ್ಬರನ್ನು ಕೈಬಿಡದೆ ಉಳಿಸಿಕೊಳ್ಳಬಹುದಾದ ಆಟಗಾರನನ್ನು ಕಣಕ್ಕಿಳಿಸುವ ಒತ್ತಡವೂ ತಂಡದ ಮೇಲಿರುವುದಿಲ್ಲ. ಅಂದು ಅಭ್ಯಾಸ ತಂಡದ ಹೊಸಬರ ಕನಿಷ್ಠ ವೇತನ ವಾರಕ್ಕೆ 12,500 ಡಾಲರ್. ಮೊತ್ತ ಅಲ್ಪವಲ್ಲ. ಆದರೆ ಕಾಲಿನ ವೇಗವನ್ನೇ ನೆಚ್ಚಿದ ಆಟಗಾರನಿಗೆ ಕಳೆದುಹೋದ ಋತುಗಳು ಮರಳಿ ಸಿಗುವುದಿಲ್ಲ.

ವೇಲ್ಸ್ ತೆತ್ತ ಬೆಲೆಯೇನು?

2023ರ ಅಕ್ಟೋಬರ್ 7ರಂದು ರೀಸ್-ಜಾಮಿಟ್ ಹ್ಯಾಟ್ರಿಕ್ ಗಳಿಸಿದ ಜಾರ್ಜಿಯಾ ಪಂದ್ಯದ ಬಳಿಕ ವೇಲ್ಸ್ ಸತತ 18 ಟೆಸ್ಟ್‌ಗಳಲ್ಲಿ ಸೋತಿತು. 2025ರ ಫೆಬ್ರುವರಿಯಲ್ಲಿ ಗ್ಯಾಟ್‌ಲ್ಯಾಂಡ್ ಸ್ಥಾನ ತೆರವು ಮಾಡಿದರು. ಜುಲೈನಲ್ಲಿ ಜಪಾನ್ ವಿರುದ್ಧ ಗೆಲ್ಲುವವರೆಗೆ ಆ ಸೋಲಿನ ಸರಣಿ ಮುರಿಯಲಿಲ್ಲ. ಇದಕ್ಕೆಲ್ಲ ಒಬ್ಬ ವಿಂಗರ್‌ನ ನಿರ್ಗಮನವೇ ಕಾರಣವೆನ್ನುವುದು ಅತಿಶಯೋಕ್ತಿ. ಹಿರಿಯರ ನಿವೃತ್ತಿ, ಆಡಳಿತದ ಬಿಕ್ಕಟ್ಟು, ಹಣದ ಮುಗ್ಗಟ್ಟು ಅದಾಗಲೇ ಅಲ್ಲಿ ಬೇರೂರಿದ್ದವು. ಒಪ್ಪಂದಗಳ ಅನಿಶ್ಚಿತತೆಯಿಂದ ಬೇಸತ್ತ ಆಟಗಾರರು 2023ರ ಫೆಬ್ರುವರಿಯಲ್ಲೇ ಮುಷ್ಕರದ ಎಚ್ಚರಿಕೆ ನೀಡಿದ್ದರು. ಅಂತಹ ವ್ಯವಸ್ಥೆ ತನ್ನ ಪ್ರತಿಭೆಯೊಂದು ಬೇರೆಡೆಗೆ ಹಾರಿದಾಗ ನಿಷ್ಠೆಯ ಪಾಠ ಹೇಳುವುದು ಎಷ್ಟು ಸರಿ?

2025ರ ನವೆಂಬರ್‌ನಲ್ಲಿ ರೀಸ್-ಜಾಮಿಟ್ ಮತ್ತೆ ವೇಲ್ಸ್‌ನ ಕೆಂಪು ಅಂಗಿ ತೊಟ್ಟರು. 2027ರ ವಿಶ್ವಕಪ್ ವೇಳೆಗೆ ಅವರಿಗೆ 26 ವರ್ಷ. ಬಾಗಿಲು ಮುಚ್ಚಿಕೊಳ್ಳದೆ ಅವರನ್ನು ಬರಮಾಡಿಕೊಂಡ ವೇಲ್ಸ್ ರಗ್ಬಿಯ ನಿಲುವು ವಿವೇಕದ್ದು. ಹೋದದ್ದು ಅಪರಾಧವಲ್ಲ, ಮರಳಿದ್ದು ಅವಮಾನವೂ ಅಲ್ಲ. ಆದರೆ ಅಮೆರಿಕದ ಕರೆಗೆ ಓಗೊಡುವ ಮುಂದಿನ ವಿಂಗರ್, ತಾನೆಷ್ಟು ವೇಗವಾಗಿ ಓಡಬಲ್ಲೆ ಎಂಬುದಕ್ಕಿಂತ, ಆ ತಂಡ ತನಗಾಗಿ ಎಷ್ಟು ಕಾಲ ಕಾಯಲು ಸಿದ್ಧವಿದೆ ಎಂಬುದನ್ನು ಮೊದಲು ಕೇಳಿಕೊಳ್ಳುವುದು ಒಳಿತು.