ಸೂಜಿಮದ್ದು ಮತ್ತು ವಲಸೆಗಾರ

ಎಚ್‌ಐವಿ ಸೋಂಕಿತರು ನಿತ್ಯವೂ ನುಂಗಬೇಕಾದ ಗುಳಿಗೆಗೆ ಪ್ರತಿಯಾಗಿ ದಾದಿಯು ಎರಡು ನಿತಂಬಗಳಿಗೂ ಒಂದೊಂದರಂತೆ ಚುಚ್ಚುವ ಕ್ಯಾಬೊಟೆಗ್ರಾವಿರ್–ರಿಲ್ಪಿವಿರಿನ್ ಎಂಬ ಜೋಡಿ ಔಷಧವು ಅಮೆರಿಕದಲ್ಲಿ 2021ರಲ್ಲಿ ಮಾನ್ಯವಾಗಿ, ಮರುವರ್ಷವೇ ಎರಡು ತಿಂಗಳಿಗೊಮ್ಮೆ ಸಾಕೆಂದಾದರೂ, ಅದರಿಂದ ಪರಮೋಪಕಾರ ಹೊಂದಬಹುದಾದವನಿಗೇ, ಎಂದರೆ ಐದಾರು ಮಂದಿಯೊಡನೆ ಒಂದೇ ಕೋಣೆಯಲ್ಲಿ ಮಲಗುತ್ತ ಗುಳಿಗೆಡಬ್ಬಿಯ ಚೀಟಿಯನ್ನು ಕಿತ್ತು ಬಟ್ಟೆಗಳ ನಡುವೆ ಅಡಗಿಸಿಡುವ ವಲಸೆಗಾರನಿಗೇ, ಅದು ದುರ್ಲಭವಾಗಿರುವುದು ಘೋರ ಅನ್ಯಾಯವೆಂದು ನಾನು ಭಾವಿಸುತ್ತೇನೆ. ದಾಖಲೆಯಿಲ್ಲದ ವಲಸೆಗಾರನಿಗೆ ಒಕ್ಕೂಟ ಸರ್ಕಾರವು ಬಡವರಿಗೆ ಕೊಡುವ ಆರೋಗ್ಯವಿಮೆಯಾದ ಸಾಮಾನ್ಯ ಮೆಡಿಕೇಡ್ ಇಲ್ಲ. ಎಚ್‌ಐವಿ ಸೋಂಕಿತರಿಗಾಗಿ ಮಾಡಿದ 1990ರ ರಯಾನ್ ವೈಟ್ ಕಾಯಿದೆಯ ನೆರವು ಪೌರತ್ವವನ್ನು ಕೇಳದಿದ್ದರೂ, ಕೊಡತಕ್ಕ ಔಷಧಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಂಗ್ಲೆಂಡಾದರೋ 2012ರಲ್ಲಿಯೇ ವಾಸದ ಹಕ್ಕನ್ನು ಗಣಿಸದೆ ಎಚ್‌ಐವಿ ಚಿಕಿತ್ಸೆಯನ್ನು ಉಚಿತಗೊಳಿಸಿತು. ವೈರಾಣುವು ರಕ್ತದಲ್ಲಿ ಅಳೆಯಲಾರದಷ್ಟು ಕ್ಷೀಣಿಸಿದವನಿಂದ ಲೈಂಗಿಕವಾಗಿ ಪರರಿಗೆ ಸೋಂಕು ತಗಲದೆಂಬುದು ಸಿದ್ಧವಾಗಿರುವಾಗ, ಈ ಸೂಜಿಮದ್ದನ್ನು ಅಮೆರಿಕದ ಎಲ್ಲ ರಾಜ್ಯಗಳ ಪಟ್ಟಿಗಳಲ್ಲಿಯೂ ಕಡ್ಡಾಯವಾಗಿ ಸೇರಿಸತಕ್ಕದ್ದು.