ಮೂರನೇ ಒಂದು ಪೈಸೆ ಎಲ್ಲಿ ಹೋಯಿತು?

ಎಂಟನೇ ತರಗತಿಯ ನನ್ನ ಮೊಮ್ಮಗಳು ಕಳೆದ ತಿಂಗಳು ಕ್ಯಾಲ್ಕುಲೇಟರ್ ಹಿಡಿದು ಮುಂದೆ ಬಂದು ನಿಂತಳು. ಮುಖ ಊದಿತ್ತು. ಟೆಸ್ಟಿನಲ್ಲಿ ಮೂರನೇ ಒಂದು ಭಾಗ ಎಂದು ಬರೆಯುವ ಕಡೆ 0.33 ಎಂದು ಬರೆದು ಒಂದು ಅಂಕ ಕಳೆದುಕೊಂಡಿದ್ದಳು.

‘ತಾತ, 1ನ್ನು 3ರಿಂದ ಭಾಗಿಸಿದರೆ 0.3333333 ತೋರಿಸುತ್ತೆ. ಅದನ್ನೇ ಮತ್ತೆ 3ರಿಂದ ಗುಣಿಸಿದರೆ 0.9999999. ಉಳಿದಿದ್ದು ಎಲ್ಲಿ ಹೋಯ್ತು?’

ಚೂರುಪಾರು ಹೋಯಿತು ಬಿಡು ಎನ್ನಬಹುದಿತ್ತು. ಆದರೆ 36 ವರ್ಷ ಬ್ಯಾಂಕಿನ ಗುಮಾಸ್ತನಾಗಿದ್ದವನ ಬಾಯಲ್ಲಿ ಆ ಮಾತು ಬರುವುದಿಲ್ಲ. ನಮ್ಮ ಕಾಲದಲ್ಲಿ ದಿನದ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಎಲ್ಲರೂ ಲೆಡ್ಜರ್ ಹರಡಿಕೊಂಡು ಕೂರಬೇಕಿತ್ತು. ನನ್ನ ಜೇಬಿನಿಂದಲೇ ಹಾಕುತ್ತೇನೆ ಸಾರ್ ಎಂದರೂ ಮ್ಯಾನೇಜರ್ ಒಪ್ಪುತ್ತಿರಲಿಲ್ಲ. ಹಾಕುವುದಲ್ಲ, ಹುಡುಕುವುದು!

ಪುಣೆಯಲ್ಲಿರುವ ಮಗನಿಗೆ ಫೋನ್ ಮಾಡಿದೆ. ‘ಅಪ್ಪ, ಮನೆ ಕಂಪ್ಯೂಟರಿಗೆ ಲಿಸ್ಪ್ ಹಾಕ್ಕೊಳ್ಳಿ. ಅದು ಭಿನ್ನರಾಶಿಯನ್ನ ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುತ್ತೆ. ದುಡ್ಡು ಕೊಡೋಕೆ ಮಾತ್ರ ಹೋಗಬೇಡಿ, ಉಚಿತವಾಗಿ ಸಿಗುತ್ತೆ’ ಎಂದ.

ಲಿಸ್ಪ್ ಎಂಬುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಎಂಬುವರು ಇದನ್ನು ಶುರುಮಾಡಿದರು. ನಮ್ಮ ಬ್ಯಾಂಕಿಗೆ ಕಂಪ್ಯೂಟರ್ ಕಾಲಿಡುವುದಕ್ಕೂ ಎಷ್ಟೋ ವರ್ಷ ಮುಂಚಿನ ಮಾತು. ಅದು ಇನ್ನೂ ಬಳಕೆಯಲ್ಲಿದೆ ಎಂದರೆ ನನ್ನಂಥವನಿಗೆ ಸ್ವಲ್ಪ ಧೈರ್ಯ ಬರುತ್ತದೆ.

ಉಚಿತ ಎಂಬ ಪದದ ಹಿಂದೆ ಹೊರಟ ಮೇಲೆ ಮೂರು ದಿನ ಹೋಯಿತು. ಒಂದು ಕಂಪನಿಯ ಉಚಿತ ಪ್ರತಿ ಐದು ಗಂಟೆ ಓಡಿದ ಮೇಲೆ ತಾನಾಗಿಯೇ ಮುಚ್ಚಿಕೊಳ್ಳುವಂಥದ್ದು. ಇನ್ನೊಂದು ಕಡೆ ದೊಡ್ಡ ಹಸಿರು ಗುಂಡಿ ಒತ್ತಿದೆ. ಲಿಸ್ಪ್ ಬರಲಿಲ್ಲ, ಕೇಳದೇ ಇದ್ದ ಬೇರೇನೋ ಬಂದು ಕೂತಿತು. ಅದನ್ನು ತೆಗೆದುಹಾಕಲು ಅರ್ಧ ದಿನ. ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಜೀವನಪೂರ್ತಿ ಗ್ರಾಹಕರಿಗೆ ಹೇಳಿದವನು ನಾನು. ನೀವು ಹುಡುಕುವಾಗ ಆಯಾ ತಂತ್ರಾಂಶದ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಮನೆಯಲ್ಲಿ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಾಲ್ಕನೇ ದಿನ ಕಣ್ಣಿಗೆ ಬಿದ್ದದ್ದು ಎಸ್‌ಬಿಸಿಎಲ್. ಬಿಡಿಸಿ ಓದಿದರೆ ಸ್ಟೀಲ್ ಬ್ಯಾಂಕ್ ಕಾಮನ್ ಲಿಸ್ಪ್! ಬ್ಯಾಂಕ್ ಎಂಬ ಹೆಸರು ನೋಡಿದ ಕೂಡಲೇ ಕನ್ನಡಕ ಒರೆಸಿಕೊಂಡೆ. 1999ರಲ್ಲಿ ಇದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲಿಸ್ಪಿನಿಂದ ಕವಲೊಡೆಯಿತಂತೆ. ಕಾರ್ನೆಗಿ ದುಡ್ಡು ಮಾಡಿದ್ದು ಉಕ್ಕಿನಲ್ಲಿ, ಮೆಲನ್ ಬ್ಯಾಂಕಿನಲ್ಲಿ. ಅದಕ್ಕೇ ಆ ಹೆಸರು. ದುಡ್ಡಿಲ್ಲ, ಗಡುವಿಲ್ಲ, ಒಳಗಿನ ಬರಹವನ್ನೂ ಬೇಕಾದವರು ತೆರೆದು ಓದಬಹುದು. ವಿಂಡೋಸಿಗೂ ಇದೆ, ಲಿನಕ್ಸಿಗೂ ಇದೆ.

ಹಾಕಿಕೊಂಡು ತೆರೆದರೆ ಒಂದು ಕಪ್ಪು ಕಿಟಕಿ, ಅದರಲ್ಲಿ ಒಂದು ನಕ್ಷತ್ರದ ಚಿಹ್ನೆ. ಅಷ್ಟೇ. ಚಿತ್ರವಿಲ್ಲ, ಗುಂಡಿಯಿಲ್ಲ. ಮೊಮ್ಮಗಳು ‘ಇಷ್ಟೇನಾ?’ ಎಂದಳು. ನನಗೂ ಹಾಗೇ ಅನ್ನಿಸಿತ್ತು, ಹೇಳಲಿಲ್ಲ.

ಇಲ್ಲಿ ಚಿಹ್ನೆ ಮೊದಲು, ಸಂಖ್ಯೆ ಆಮೇಲೆ. 2, 3, 5 ಕೂಡಿಸಬೇಕಾದರೆ (+ 2 3 5) ಎಂದು ಬರೆದು ಎಂಟರ್ ಒತ್ತಬೇಕು. 10 ಬರುತ್ತದೆ. ಅವಳು (/ 1 3) ಎಂದು ಒತ್ತಿದಳು. ಬಂದ ಉತ್ತರ 1/3. ಅದನ್ನೇ (* 1/3 3) ಎಂದಳು. 1 ಬಂತು. ಪೂರ್ತಿ ಒಂದು, ಒಂದಿಷ್ಟೂ ಸೋರಿಲ್ಲ.

‘ತಾತ, ಟ್ಯಾಲಿ ಆಯ್ತು!’

ಆಮೇಲೆ ನನ್ನ ಸರದಿ. ಸಾವಿರ ರೂಪಾಯಿಗೆ ವರ್ಷಕ್ಕೆ ಶೇಕಡಾ 7ರಂತೆ ಒಂದು ತಿಂಗಳ ಬಡ್ಡಿ: (/ (* 1000 7) 1200). ಉತ್ತರ 35/6. ಅಂದರೆ 5 ರೂಪಾಯಿ 83 ಪೈಸೆ, ಮೇಲೆ ಮೂರನೇ ಒಂದು ಪೈಸೆ. ಆ ಮೂರನೇ ಒಂದನ್ನು ನಾವು ಲೆಡ್ಜರಿನಲ್ಲಿ ಬಿಟ್ಟುಬಿಡುತ್ತಿದ್ದೆವು, ಬೇರೆ ದಾರಿಯಿರಲಿಲ್ಲ. ಕ್ಯಾಲ್ಕುಲೇಟರೂ ಎಂಟು ಅಂಕಿ ತುಂಬಿದ ಮೇಲೆ ಉಳಿದದ್ದನ್ನು ಬಿಟ್ಟುಬಿಡುತ್ತದೆ. ಲಿಸ್ಪ್ ಮಾತ್ರ ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಎರಡನ್ನೂ ಹಾಗೇ ಇಟ್ಟುಕೊಂಡಿರುತ್ತದೆ. ನಾವಾಗಿ ದಶಮಾಂಶದಲ್ಲಿ ಕೇಳಿದರೆ ಮಾತ್ರ ಕತ್ತರಿಸುತ್ತದೆ.

ಕಾಟ ಕೊಟ್ಟದ್ದು ಆವರಣ ಚಿಹ್ನೆಗಳು. ತೆರೆದದ್ದೆಲ್ಲ ಮುಚ್ಚಬೇಕು, ಜಮಾಕ್ಕೆ ಖರ್ಚು ಹೊಂದಿದಂತೆ. ಒಂದು ಮುಚ್ಚುವುದು ಮರೆತಿದ್ದಕ್ಕೆ ಕಂಪ್ಯೂಟರ್ ಮಾತಾಡದೆ ಕೂತಿತು. ಕೆಟ್ಟಿತು ಎಂದು ಪ್ಲಗ್ಗಿಗೆ ಕೈಹಾಕಿದ್ದೆ. ಮೊಮ್ಮಗಳು ತಡೆದು ಉಳಿದ ಆವರಣ ಹಾಕಿ ಎಂಟರ್ ಒತ್ತಿದಳು, ಉತ್ತರ ಬಂತು. ಪಾಪ, ಅದು ನಮಗಾಗಿಯೇ ಕಾಯುತ್ತಿತ್ತು. ಜೋಡಿ ಆವರಣವನ್ನು ಗುರುತು ಮಾಡಿ ತೋರಿಸುವ ಈಮ್ಯಾಕ್ಸ್ ಎಂಬ ಬರೆಯುವ ತಂತ್ರಾಂಶವೂ ಉಚಿತವಾಗಿದೆ, ಅದನ್ನೂ ಹಾಕಿಸಿಕೊಂಡೆ. ಕಲಿಯಲು ಕಷ್ಟ, ನನಗಿನ್ನೂ ಕೈಗೆ ಬಂದಿಲ್ಲ.

5ನ್ನು ಸೊನ್ನೆಯಿಂದ ಭಾಗಿಸಿ ಅದನ್ನು ರೇಗಿಸಿದ್ದೂ ಆಯಿತು. ತಪ್ಪು ಎಂದು ಉದ್ದನೆಯ ವರದಿ ಕೊಟ್ಟು, ಮುಂದೇನು ಮಾಡಲಿ ಎಂದು ನಂಬರು ಹಾಕಿ ಕೇಳಿತು. 0 ಒತ್ತಿದರೆ ಮತ್ತೆ ನಕ್ಷತ್ರ. ಏನೂ ಹಾಳಾಗಲಿಲ್ಲ.

ಊಟಕ್ಕೆ ಅವಳಜ್ಜಿ ಮೂರು ಸಲ ಕರೆದರೂ ಹುಡುಗಿ ಏಳಲಿಲ್ಲ. 1ರಿಂದ 30ರವರೆಗೆ ಎಲ್ಲ ಸಂಖ್ಯೆಗಳನ್ನೂ ಒಂದೇ ಆವರಣದಲ್ಲಿ ಬರೆದು ಗುಣಿಸುತ್ತಿದ್ದಳು. ಬಂದ ಉತ್ತರ 265252859812191058636308480000000. ಬೆರಳಿಟ್ಟು ಎಣಿಸಿದೆವು, 33 ಅಂಕಿ. ಕೊನೆಯಲ್ಲಿ ಏಳು ಸೊನ್ನೆ. ಸರಿಯಾಗಿ ಏಳೇ ಯಾಕೆ ಎಂದು ಅವಳು ಕಂಪ್ಯೂಟರ್ ಮುಟ್ಟದೆ, ಕಾಗದದ ಮೇಲೆ ಮರುದಿನ ಬೆಳಿಗ್ಗೆ ಕಂಡುಹಿಡಿದಳು. ನಿಮಗೂ ಒಂದು ವಾರ ಸಮಯವಿದೆ. ಸುಳಿವು ಬೇಕೆಂದರೆ, ಐದರ ಮಗ್ಗಿ ಹೇಳಿಕೊಳ್ಳಿ, 25 ಬಂದಾಗ ಸ್ವಲ್ಪ ನಿಲ್ಲಿ.